ಜೀನು ಇತ್ತು, ಕುದುರೆ ಇರಲಿಲ್ಲ: ಫ್ರಾನ್ಸ್ ದೊರೆಯ ಐರಿಷ್ ಅಶ್ವದಳದ ಕಥೆ

1746ರ ಫೆಬ್ರುವರಿ ಕಡೆಯಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿಗೆ ಫ್ರಾನ್ಸಿನ ಪರವಾಗಿ ಬಂದ ಹಡಗೊಂದು ಲಂಗರು ಹಾಕಿತು. ಅದರಿಂದ ಇಳಿದವರು ಸುಮಾರು 130 ಮಂದಿ ಅಶ್ವಾರೋಹಿ ಸೈನಿಕರು. ಅವರ ಬಳಿ ಜೀನುಗಳಿದ್ದವು, ಲಗಾಮುಗಳಿದ್ದವು, ಕತ್ತಿ ಮತ್ತು ಪಿಸ್ತೂಲುಗಳಿದ್ದವು. ಕುದುರೆಗಳು ಮಾತ್ರ ಇರಲಿಲ್ಲ. ಅವರ ಸಂಗಡಿಗರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಹೊತ್ತಿದ್ದ ಬೇರೆ ಹಡಗುಗಳು ನಡುದಾರಿಯಲ್ಲೇ ಬ್ರಿಟಿಷ್ ನೌಕಾಪಡೆಯ ಕೈಗೆ ಸಿಕ್ಕಿದ್ದವು.

ಇವರು ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಸೇನೆಗೆ ಸೇರಿದ ಫಿಟ್ಜ್-ಜೇಮ್ಸ್ ಅಶ್ವದಳದವರು. ವೇತನ ಕೊಡುತ್ತಿದ್ದವನು ಫ್ರೆಂಚ್ ದೊರೆ. ಆದರೆ ಮೈಮೇಲಿದ್ದುದು ಬ್ರಿಟಿಷ್ ಸೈನಿಕರಂತೆಯೇ ಕೆಂಪು ಅಂಗಿ. ದಳ ಹುಟ್ಟಿದ್ದು ಐರ್ಲೆಂಡಿನಿಂದ ಹೊರಬಿದ್ದ ಕ್ಯಾಥೊಲಿಕ್ ಸೈನಿಕರಿಂದ. ಸಿಂಹಾಸನ ಕಳೆದುಕೊಂಡಿದ್ದ ಸ್ಟುವರ್ಟ್ ವಂಶವನ್ನು ಮರಳಿ ಪಟ್ಟಕ್ಕೆ ತಂದರೆ ತಾವೂ ತಾಯ್ನಾಡಿಗೆ ಮರಳಬಹುದು ಎಂಬ ನಿರೀಕ್ಷೆಯಲ್ಲಿ ಅರ್ಧ ಶತಮಾನ ಕಳೆದಿದ್ದ ದಳಕ್ಕೆ ಆ ಅವಕಾಶ ದೊರೆತದ್ದು ಒಂದೇ ಒಂದು ಬಾರಿ. ಅದೂ ಕುದುರೆಗಳಿಲ್ಲದೆ.

ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಯುರೋಪಿನಲ್ಲಿ ಒಬ್ಬ ದೊರೆಯ ಸೇನೆಯಲ್ಲಿ ಮತ್ತೊಂದು ದೇಶದ ಸೈನಿಕರು ಇರುವುದು ಸಾಮಾನ್ಯ ಸಂಗತಿಯಾಗಿತ್ತು. ಆದರೆ ಸ್ವಂತ ರಾಜನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಪರರಾಜನಿಗೆ ದುಡಿದ ಈ ದಳದ ಇತಿಹಾಸ, ನಿರಾಶ್ರಿತರ ನಿಷ್ಠೆಯನ್ನು ರಾಜ್ಯಗಳು ಹೇಗೆ ಬಳಸಿಕೊಳ್ಳುತ್ತವೆ ಎಂಬುದನ್ನು ಅರಿಯಲು ಇಂದಿಗೂ ಉಪಯುಕ್ತವಾಗಿದೆ.

ಲಿಮರಿಕ್ ಒಪ್ಪಂದ

ಕಥೆಯ ಮೂಲ 1688ರ ಇಂಗ್ಲೆಂಡಿನಲ್ಲಿದೆ. ಕ್ಯಾಥೊಲಿಕ್ ಮತಾವಲಂಬಿಯಾದ ದೊರೆ ಎರಡನೆಯ ಜೇಮ್ಸ್‌ನನ್ನು ಅಲ್ಲಿನ ಪ್ರಾಟೆಸ್ಟಂಟ್ ಪ್ರಮುಖರು ಒಪ್ಪಲಿಲ್ಲ. ಅವನ ಅಳಿಯ, ಹಾಲೆಂಡಿನ ಆರೆಂಜ್ ಮನೆತನದ ವಿಲಿಯಂ ಸೇನೆಯೊಂದಿಗೆ ಬಂದಿಳಿದ. ಜೇಮ್ಸ್ ಫ್ರಾನ್ಸಿಗೆ ಪಲಾಯನ ಮಾಡಿದ. ಅಲ್ಲಿ ದೊರೆ ಹದಿನಾಲ್ಕನೆಯ ಲೂಯಿ ಅವನಿಗೆ ಆಶ್ರಯ ಕೊಟ್ಟದ್ದಲ್ಲದೆ, ಕಳೆದುಹೋದ ರಾಜ್ಯವನ್ನು ಐರ್ಲೆಂಡಿನ ಮೂಲಕ ಮರಳಿ ಗಳಿಸಲು ನೆರವನ್ನೂ ನೀಡಿದ.

ಐರ್ಲೆಂಡಿನ ಬಹುಸಂಖ್ಯಾತರು ಕ್ಯಾಥೊಲಿಕರು. ಹಿಂದಿನ ಯುದ್ಧಗಳಲ್ಲಿ ಜಮೀನು ಕಳೆದುಕೊಂಡಿದ್ದ ಅವರು ಜೇಮ್ಸ್‌ನ ಗೆಲುವಿನಲ್ಲಿ ತಮ್ಮ ಉಳಿವನ್ನು ಕಂಡರು. ಆದರೆ 1690ರ ಜುಲೈನಲ್ಲಿ ಬಾಯ್ನ್ ನದಿಯ ದಂಡೆಯಲ್ಲಿ ಜೇಮ್ಸ್ ಸೋತು ಫ್ರಾನ್ಸಿಗೆ ಮರಳಿಬಿಟ್ಟ. ಅವನ ಐರಿಷ್ ಸೇನೆ ಇನ್ನೊಂದು ವರ್ಷ ಹೋರಾಡಿತು. 1691ರ ಜುಲೈನಲ್ಲಿ ಆಗ್ರಿಮ್ ಎಂಬಲ್ಲಿ ಅದಕ್ಕೆ ದೊಡ್ಡ ಪೆಟ್ಟು ಬಿತ್ತು. ಕೊನೆಗೆ ಲಿಮರಿಕ್ ನಗರದಲ್ಲಿ ಮುತ್ತಿಗೆಗೆ ಸಿಲುಕಿದ ಸೇನಾನಿ ಪ್ಯಾಟ್ರಿಕ್ ಸಾರ್ಸ್‌ಫೀಲ್ಡ್ ಅದೇ ವರ್ಷದ ಅಕ್ಟೋಬರ್ 3ರಂದು ಸಂಧಿಗೆ ಸಹಿ ಹಾಕಿದ.

ಆ ಸಂಧಿಯಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು ಸೈನಿಕರಿಗೆ ಸಂಬಂಧಿಸಿದ್ದು. ಬಯಸಿದವರು ಫ್ರಾನ್ಸಿಗೆ ತೆರಳಬಹುದು, ಅದಕ್ಕೆ ಬೇಕಾದ ಹಡಗುಗಳನ್ನು ಗೆದ್ದವರೇ ಒದಗಿಸುವರು ಎಂದು ಅದು ಹೇಳಿತು. ಎರಡನೆಯದು ಊರಿನಲ್ಲೇ ಉಳಿಯುವ ಕ್ಯಾಥೊಲಿಕರ ಹಕ್ಕುಗಳಿಗೆ ಸಂಬಂಧಿಸಿದ್ದು. ಮೊದಲ ಭಾಗ ಪಾಲನೆಯಾಯಿತು. ಸುಮಾರು 14,000 ಸೈನಿಕರು, ಸಾವಿರಾರು ಹೆಂಗಸರು ಮತ್ತು ಮಕ್ಕಳೊಂದಿಗೆ ದೇಶ ಬಿಟ್ಟರು. ಕಾರ್ಕ್ ಬಂದರಿನಲ್ಲಿ ಜಾಗ ಸಾಲದೆ ಅನೇಕ ಸೈನಿಕರ ಹೆಂಡಿರು ಮಕ್ಕಳು ದಡದಲ್ಲೇ ಉಳಿದುಹೋದರು. ಹೀಗೆ ಹೊರಟವರನ್ನೂ ಮುಂದಿನ ನೂರು ವರ್ಷ ಅವರ ಹಾದಿ ಹಿಡಿದವರನ್ನೂ ಐರಿಷ್ ಜನ 'ಕಾಡು ಹೆಬ್ಬಾತುಗಳು' ಎಂದು ಕರೆದರು.

ಐದು ಪೌಂಡಿನ ಕುದುರೆ

ಸಂಧಿಯ ಎರಡನೆಯ ಭಾಗ ಹೆಚ್ಚು ಕಾಲ ಉಳಿಯಲಿಲ್ಲ. ಡಬ್ಲಿನ್‌ನ ಪ್ರಾಟೆಸ್ಟಂಟ್ ಸಂಸತ್ತು 1695ರಿಂದ ಸಾಲು ಸಾಲಾಗಿ ಕ್ಯಾಥೊಲಿಕ್ ವಿರೋಧಿ ಶಾಸನಗಳನ್ನು ತಂದಿತು. ಕ್ಯಾಥೊಲಿಕರು ಆಯುಧ ಹೊಂದುವಂತಿಲ್ಲ. ಸೇನೆಯಲ್ಲಿ ಅಧಿಕಾರಿ ಹುದ್ದೆ ಪಡೆಯುವಂತಿಲ್ಲ. 1704ರ ನಂತರ ಜಮೀನು ಖರೀದಿಸುವಂತಿಲ್ಲ, 31 ವರ್ಷಕ್ಕಿಂತ ದೀರ್ಘಾವಧಿಯ ಗೇಣಿಗೆ ಪಡೆಯುವಂತೆಯೂ ಇಲ್ಲ. 1703ರ ಹೊತ್ತಿಗೆ ದೇಶದ ಭೂಮಿಯಲ್ಲಿ ಕ್ಯಾಥೊಲಿಕರ ಕೈಯಲ್ಲಿ ಉಳಿದಿದ್ದುದು ಶೇಕಡ 14ರಷ್ಟು ಮಾತ್ರ.

ಈ ಶಾಸನಗಳ ಪೈಕಿ ಅಶ್ವದಳದ ಕಥೆಗೆ ನೇರ ಸಂಬಂಧವಿರುವುದು 1695ರದು. ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆಯನ್ನು ಯಾವ ಕ್ಯಾಥೊಲಿಕನೂ ಇಟ್ಟುಕೊಳ್ಳುವಂತಿರಲಿಲ್ಲ. ಯಾವ ಪ್ರಾಟೆಸ್ಟಂಟನಾದರೂ ಐದು ಪೌಂಡ್ ಐದು ಶಿಲ್ಲಿಂಗ್ ಮುಂದಿಟ್ಟರೆ ಅಂಥ ಕುದುರೆ ಅವನದಾಗುತ್ತಿತ್ತು. ಉದ್ದೇಶ ಸ್ಪಷ್ಟವಾಗಿತ್ತು. ಯುದ್ಧಕ್ಕೆ ಯೋಗ್ಯವಾದ ಕುದುರೆ ಸೋತವರ ಲಾಯದಲ್ಲಿ ಇರಬಾರದು. ಜಮೀನುದಾರ ಮನೆತನದ ಯುವಕನಿಗೆ ಕುದುರೆ ಎಂಬುದು ಬರಿಯ ವಾಹನವಾಗಿರದೆ ಮನೆತನದ ಅಂತಸ್ತೇ ಆಗಿದ್ದ ಕಾಲವದು. ಸ್ವದೇಶದಲ್ಲಿ ಕುದುರೆಯನ್ನೂ ಕತ್ತಿಯನ್ನೂ ಕಳೆದುಕೊಂಡ ಇಂಥ ಯುವಕರಿಗೆ ಅವೆರಡನ್ನೂ ಮರಳಿ ಕೊಡುವ ಸ್ಥಳವೊಂದು ಫ್ರಾನ್ಸಿನಲ್ಲಿತ್ತು.

ಎರಡು ಸೇನೆಗಳು ಒಂದಾದದ್ದು

ಫ್ರಾನ್ಸಿನಲ್ಲಿ ಆರಂಭದಲ್ಲಿ ಎರಡು ಬಗೆಯ ಐರಿಷ್ ಸೇನೆಗಳಿದ್ದವು. 1690ರಲ್ಲೇ ಫ್ರೆಂಚ್ ತುಕಡಿಗಳಿಗೆ ಬದಲಾಗಿ ಸುಮಾರು 5,000 ಐರಿಷ್ ಕಾಲಾಳುಗಳು ಲೂಯಿಯ ಸೇನೆಗೆ ಬಂದಿದ್ದರು. ಅವರು ನೇರವಾಗಿ ಫ್ರೆಂಚ್ ಸೈನಿಕರು. ಲಿಮರಿಕ್‌ನಿಂದ ಬಂದವರಾದರೋ ದೇಶಾಂತರದಲ್ಲಿದ್ದ ಜೇಮ್ಸ್‌ನ ಸ್ವಂತ ಸೈನ್ಯ. ಅದರಲ್ಲಿ ಕಾಲ್ದಳದ ಜೊತೆಗೆ ಅಂಗರಕ್ಷಕ ಸವಾರರ ಎರಡು ತುಕಡಿಗಳೂ, ಎರಡು ಅಶ್ವ ರೆಜಿಮೆಂಟುಗಳೂ ಇದ್ದವು. ಅವುಗಳಲ್ಲಿ ಒಂದಕ್ಕೆ ಡೊಮಿನಿಕ್ ಶೆಲ್ಡನ್, ಮತ್ತೊಂದಕ್ಕೆ ಗಾಲ್ಮಾಯ್ ಪ್ರಭು ಮುಖ್ಯಸ್ಥರು. ಶೆಲ್ಡನ್ ಐರಿಷ್ ಅಲ್ಲ, ಇಂಗ್ಲಿಷ್ ಕ್ಯಾಥೊಲಿಕ್ ಎಂಬುದು ಗಮನಾರ್ಹ.

1692ರ ಬೇಸಿಗೆಯಲ್ಲಿ ಈ ಸೇನೆಯನ್ನು ಇಂಗ್ಲೆಂಡಿನ ದಂಡಯಾತ್ರೆಗೆಂದು ನಾರ್ಮಂಡಿ ತೀರದಲ್ಲಿ ಜಮಾಯಿಸಲಾಯಿತು. ಆದರೆ ಹೊರಡುವ ಮುನ್ನವೇ ಫ್ರೆಂಚ್ ನೌಕಾಬಲ ಬಾರ್ಫ್ಲರ್ ಮತ್ತು ಲಾ ಹೋಗ್ ಕಾಳಗಗಳಲ್ಲಿ ಪೆಟ್ಟು ತಿಂದಿತು. ಸೈನಿಕರು ತಾವು ಏರಬೇಕಿದ್ದ ಹಾದಿ ಮುಚ್ಚಿದ್ದನ್ನು ದಡದಿಂದಲೇ ನೋಡಬೇಕಾಯಿತು. ಮರುವರ್ಷ ಲಾಂಡೆನ್ ಯುದ್ಧದಲ್ಲಿ ಸಾರ್ಸ್‌ಫೀಲ್ಡ್ ಗಾಯಗೊಂಡು ಮೃತಪಟ್ಟ.

1697ರ ರೈಸ್ವಿಕ್ ಒಪ್ಪಂದ ಇನ್ನೂ ದೊಡ್ಡ ಆಘಾತವಾಯಿತು. ಯುದ್ಧದಿಂದ ಬಳಲಿದ್ದ ಲೂಯಿ, ವಿಲಿಯಂನನ್ನು ಇಂಗ್ಲೆಂಡಿನ ದೊರೆಯೆಂದು ಒಪ್ಪಿಕೊಂಡ. ಅದರ ಫಲವಾಗಿ ಜೇಮ್ಸ್‌ನ ಪ್ರತ್ಯೇಕ ಸೈನ್ಯ 1698ರ ಆರಂಭದಲ್ಲಿ ವಿಸರ್ಜನೆಗೊಂಡಿತು. ಸಾವಿರಾರು ಸೈನಿಕರು ಭಾಷೆ ತಿಳಿಯದ ದೇಶದಲ್ಲಿ ಕೆಲಸವಿಲ್ಲದೆ ಬೀದಿಗೆ ಬಿದ್ದರು. ಉಳಿಸಿಕೊಂಡ ತುಕಡಿಗಳನ್ನು ಫ್ರೆಂಚ್ ಸೇನೆಗೆ ಸೇರಿಸಲಾಯಿತು. ಅಶ್ವದಳದವರಲ್ಲಿ ಉಳಿದವರೆಲ್ಲರನ್ನೂ ಒಂದೇ ರೆಜಿಮೆಂಟಿಗೆ ಹಾಕಿ ಶೆಲ್ಡನ್‌ಗೆ ವಹಿಸಲಾಯಿತು. ಮುಂದೆ ಫಿಟ್ಜ್-ಜೇಮ್ಸ್ ಎನಿಸಿಕೊಂಡ ದಳ ಇದೇ. ಫ್ರೆಂಚ್ ಸೇನೆಯ ಐರಿಷ್ ರೆಜಿಮೆಂಟುಗಳ ಗುಂಪಿನಲ್ಲಿ ಅಂದಿನಿಂದ ಇದೊಂದೇ ಅಶ್ವದಳ, ಉಳಿದವು ಕಾಲ್ದಳಗಳು.

ಭಾರೀ ಅಶ್ವದಳ ಎಂದರೇನು

ಆ ಕಾಲದ ಸವಾರರಲ್ಲಿ ಮುಖ್ಯವಾಗಿ ಮೂರು ವರ್ಗಗಳಿದ್ದವು. ಹುಸಾರ್ ಎಂಬ ಹಗುರ ಸವಾರರು ಚುರುಕು ಕುದುರೆಗಳ ಮೇಲೆ ಬೇಹುಗಾರಿಕೆ ಮತ್ತು ದಾಳಿಗಳಿಗೆ ನೇಮಕವಾಗುತ್ತಿದ್ದರು. ಡ್ರಗೂನ್‌ಗಳು ಕುದುರೆಯ ಮೇಲೆ ಸಾಗಿ, ಅಗತ್ಯವಿದ್ದಲ್ಲಿ ಇಳಿದು ಬಂದೂಕು ಹಿಡಿದು ಕಾದಾಡುತ್ತಿದ್ದರು. ಭಾರೀ ಅಶ್ವದಳದ ಕೆಲಸ ಬೇರೆ. ದೊಡ್ಡ ಮೈಕಟ್ಟಿನ ಕುದುರೆಗಳ ಮೇಲೆ, ಉದ್ದನೆಯ ನೇರ ಕತ್ತಿ ಹಿಡಿದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಸಾಲುಗಟ್ಟಿ ಶತ್ರುವಿನ ಸಾಲಿಗೆ ಅಪ್ಪಳಿಸುವುದು ಅದರ ಕರ್ತವ್ಯ. ಯುದ್ಧದ ನಿರ್ಣಾಯಕ ಕ್ಷಣಕ್ಕೆಂದೇ ಅದನ್ನು ಕಾದಿರಿಸಲಾಗುತ್ತಿತ್ತು. ಫಿಟ್ಜ್-ಜೇಮ್ಸ್ ದಳ ಈ ವರ್ಗಕ್ಕೆ ಸೇರಿತ್ತು.

ಇಂಥ ದಳವನ್ನು ಕಟ್ಟುವುದೂ ಉಳಿಸುವುದೂ ದುಬಾರಿ. ಸೈನಿಕನಿಗಿಂತ ಅವನ ಕುದುರೆಯನ್ನು ಪಳಗಿಸಲು ಮತ್ತು ಸಾಕಲು ಹೆಚ್ಚು ಖರ್ಚಾಗುತ್ತಿತ್ತು. ಫ್ರೆಂಚ್ ಸೇನೆಯಲ್ಲಿ ರೆಜಿಮೆಂಟು ಎಂಬುದು ಅದರ ಕರ್ನಲ್‌ನ ಸ್ವತ್ತಿನಂತೆಯೇ ಇತ್ತು. ಸರಕಾರ ಹಣ ಕೊಡುತ್ತಿತ್ತು. ನೇಮಕ, ಉಡುಪು, ಕುದುರೆಗಳ ವ್ಯವಸ್ಥೆ ಕರ್ನಲ್ ಮತ್ತು ಅವನ ಕ್ಯಾಪ್ಟನ್‌ಗಳ ಹೊಣೆ. ಆದ್ದರಿಂದಲೇ ಯಜಮಾನ ಬದಲಾದಂತೆ ದಳದ ಹೆಸರೂ ಬದಲಾಗುತ್ತಿತ್ತು.

ಶೆಲ್ಡನ್ ನಂತರ 1706ರಲ್ಲಿ ಕ್ರಿಸ್ಟೋಫರ್ ನ್ಯೂಜೆಂಟ್ ಎಂಬ ಐರಿಷ್ ಸೇನಾನಿ ಯಜಮಾನನಾದ. ದಳ ನ್ಯೂಜೆಂಟ್ ಎನಿಸಿತು. ಸ್ಪೇನ್ ಉತ್ತರಾಧಿಕಾರ ಯುದ್ಧದ ವರ್ಷಗಳಲ್ಲಿ ಅದು ಇಟಲಿಯಿಂದ ಫ್ಲಾಂಡರ್ಸ್‌ವರೆಗೆ ಸೇವೆ ಸಲ್ಲಿಸಿತು. 1715ರಲ್ಲಿ ಸ್ಕಾಟ್ಲೆಂಡಿನಲ್ಲಿ ಸ್ಟುವರ್ಟ್ ಪರ ದಂಗೆ ಎದ್ದಾಗ ನ್ಯೂಜೆಂಟ್ ಫ್ರೆಂಚ್ ಸರಕಾರದ ಅನುಮತಿ ಇಲ್ಲದೆ ಅಲ್ಲಿಗೆ ಹೋದ. ಬ್ರಿಟಿಷ್ ರಾಯಭಾರಿ ದೂರು ಕೊಟ್ಟ. ಆಗ ಫ್ರಾನ್ಸಿಗೆ ಬ್ರಿಟನ್ನಿನ ಸ್ನೇಹ ಬೇಕಾಗಿತ್ತು; ನ್ಯೂಜೆಂಟ್ ತನ್ನ ದಳವನ್ನು ಕಳೆದುಕೊಂಡ. ಅದು ಅವನ ಮಗನಿಗೆ ಹೋಯಿತು. ಯಾವ ದೊರೆಗಾಗಿ ದಳ ಹುಟ್ಟಿತ್ತೋ ಆ ದೊರೆಯ ಪರವಾಗಿ ಹೋರಾಡಿದ್ದೇ ಅಪರಾಧವಾದದ್ದು ಈ ಪ್ರಸಂಗದ ವಿಶೇಷ.

1733ರಲ್ಲಿ ದಳ ಫಿಟ್ಜ್-ಜೇಮ್ಸ್ ಮನೆತನಕ್ಕೆ ಬಂತು. 'ಫಿಟ್ಜ್' ಎಂಬುದು ನಾರ್ಮನ್ ಭಾಷೆಯಿಂದ ಬಂದ ಪದ. ಮಗ ಎಂದು ಅರ್ಥ. ಎರಡನೆಯ ಜೇಮ್ಸ್‌ಗೆ ಅರಾಬೆಲ್ಲಾ ಚರ್ಚಿಲ್ ಎಂಬಾಕೆಯಲ್ಲಿ ವಿವಾಹಬಾಹಿರವಾಗಿ ಹುಟ್ಟಿದ ಮಗ ಜೇಮ್ಸ್ ಫಿಟ್ಜ್-ಜೇಮ್ಸ್. ಬೆರಿಕ್ ಡ್ಯೂಕ್ ಎಂದು ಪ್ರಸಿದ್ಧನಾದ ಅವನು ಫ್ರಾನ್ಸಿನ ಮಾರ್ಷಲ್ ಪದವಿಗೇರಿ, 1707ರಲ್ಲಿ ಸ್ಪೇನಿನ ಅಲ್ಮಾನ್ಸಾದಲ್ಲಿ ದೊಡ್ಡ ಗೆಲುವು ಸಾಧಿಸಿದ್ದ. ಅವನ ಎದುರು ಪಕ್ಷದ ಮಹಾಸೇನಾನಿ ಮಾರ್ಲ್‌ಬರೊ ಅವನ ಸ್ವಂತ ಸೋದರಮಾವ. ಬೆರಿಕ್ 1734ರ ಜೂನ್‌ನಲ್ಲಿ ಫಿಲಿಪ್ಸ್‌ಬರ್ಗ್ ಮುತ್ತಿಗೆಯಲ್ಲಿ ಫಿರಂಗಿ ಗುಂಡಿಗೆ ಬಲಿಯಾದ. ಅವನ ಮಗ ಚಾರ್ಲ್ಸ್‌ನ ಹೆಸರಿನಲ್ಲಿ ದಳ ಕೊನೆಯವರೆಗೂ ಉಳಿಯಿತು. ರಾಜ್ಯ ಕಳೆದುಕೊಂಡ ದೊರೆಯ ಮೊಮ್ಮಗನೇ ಯಜಮಾನನಾದದ್ದು ದಳದವರಿಗೆ ಹೆಮ್ಮೆಯ ಸಂಗತಿಯಾಗಿತ್ತು.

ಫ್ರಾನ್ಸಿಗೆ ಏನು ಲಾಭ

ಪರದೇಶದವರನ್ನು ಸೇನೆಗೆ ಸೇರಿಸಿಕೊಳ್ಳುವುದರಲ್ಲಿ ಫ್ರಾನ್ಸ್ ಒಂದು ಸರಳ ಲೆಕ್ಕಾಚಾರ ಹೊಂದಿತ್ತು. ಒಬ್ಬ ವಿದೇಶಿ ಸೈನಿಕ ಮೂವರಿಗೆ ಸಮ. ಅವನು ಫ್ರಾನ್ಸಿಗೆ ಒಬ್ಬ ಸೈನಿಕನನ್ನು ಕೊಡುತ್ತಾನೆ, ಶತ್ರುವಿಗೆ ಒಬ್ಬನನ್ನು ಕಡಿಮೆ ಮಾಡುತ್ತಾನೆ, ಒಬ್ಬ ಫ್ರೆಂಚ್ ರೈತನನ್ನು ಅವನ ಹೊಲದಲ್ಲೇ ಉಳಿಸುತ್ತಾನೆ. ಸ್ವಿಸ್, ಜರ್ಮನ್, ಇಟಾಲಿಯನ್, ಸ್ಕಾಟಿಷ್ ರೆಜಿಮೆಂಟುಗಳು ಈ ಲೆಕ್ಕದ ಮೇಲೆಯೇ ನಿಂತಿದ್ದವು. ಭಾರೀ ಅಶ್ವದಳದಲ್ಲೇ ಜರ್ಮನ್ನರ ರಾಯಲ್-ಅಲೆಮಾನ್ ಎಂಬ ಪ್ರಸಿದ್ಧ ರೆಜಿಮೆಂಟು ಇತ್ತು. 1789ರ ಜುಲೈ 12ರಂದು ಪ್ಯಾರಿಸ್ಸಿನ ಟ್ಯುಲರಿ ಉದ್ಯಾನದಲ್ಲಿ ಜನರ ಮೇಲೆ ಕುದುರೆ ನುಗ್ಗಿಸಿದ್ದು ಅದೇ. ಆ ಘಟನೆ ನಡೆದ ಎರಡು ದಿನಗಳಲ್ಲಿ ಬಾಸ್ತಿಲ್ ಪತನವಾಯಿತು.

ಐರಿಷ್ ದಳಗಳಿಗೆ ಇನ್ನೊಂದು ಉಪಯೋಗವೂ ಇತ್ತು. ಬ್ರಿಟನ್ನನ್ನು ಬೆದರಿಸಬೇಕಾದಾಗ ಅವುಗಳನ್ನು ಕಡಲತೀರಕ್ಕೆ ತರಬಹುದಿತ್ತು. ರಾಜಿ ಬೇಕಾದಾಗ ಹಿಂದಕ್ಕೆ ಕಳಿಸಬಹುದಿತ್ತು. 1713ರ ಯುಟ್ರೆಕ್ಟ್ ಒಪ್ಪಂದದ ನಂತರ ಜೇಮ್ಸ್‌ನ ಮಗನಿಗೆ ಫ್ರಾನ್ಸಿನಲ್ಲಿ ನೆಲೆಯೇ ತಪ್ಪಿತು. ಅವನ ಸೈನಿಕರು ಮಾತ್ರ ಉಳಿದರು.

ಐರ್ಲೆಂಡಿನಲ್ಲಿ ಫ್ರೆಂಚ್ ಸೇನೆಗೆ ಜನ ಸೇರಿಸುವುದು ಮರಣದಂಡನೆಗೆ ಅರ್ಹವಾದ ಅಪರಾಧವಾಗಿತ್ತು. ಆದರೂ ಕೆರಿ, ಕಾರ್ಕ್ ಕಡೆಯ ಕರಾವಳಿಯಿಂದ, ದ್ರಾಕ್ಷಾರಸ ಮತ್ತು ಬ್ರಾಂದಿ ಕಳ್ಳಸಾಗಣೆಯ ದೋಣಿಗಳಲ್ಲಿ ಯುವಕರು ಹೊರಡುತ್ತಿದ್ದರು. ವರ್ಷಗಳು ಕಳೆದಂತೆ ಈ ಹರಿವು ಬಡವಾಯಿತು. ಶತಮಾನದ ಮಧ್ಯದ ಹೊತ್ತಿಗೆ ಐರಿಷ್ ರೆಜಿಮೆಂಟುಗಳ ಅಧಿಕಾರಿಗಳು ಬಹುತೇಕ ಐರಿಷ್ ಮನೆತನದವರೇ ಆಗಿದ್ದರೂ, ಸಾಮಾನ್ಯ ಸಿಪಾಯಿಗಳಲ್ಲಿ ಫ್ಲಾಂಡರ್ಸ್, ಜರ್ಮನಿ ಮೊದಲಾದ ಕಡೆಯವರು ಬೆರೆತಿದ್ದರು. ಅಧಿಕಾರಿಗಳಲ್ಲೂ ಅನೇಕರು ಫ್ರಾನ್ಸಿನಲ್ಲೇ ಹುಟ್ಟಿದವರು. ಐರ್ಲೆಂಡನ್ನು ತಂದೆ ತಾತಂದಿರ ಮಾತಿನಲ್ಲಿ ಕೇಳಿದ್ದರೇ ಹೊರತು ಕಂಡವರಲ್ಲ. ಆದರೂ ಕೆಂಪು ಅಂಗಿಯನ್ನು ಅವರು ಬಿಡಲಿಲ್ಲ. ತಾವೇ ನಿಜವಾದ ಬ್ರಿಟಿಷ್ ದೊರೆಯ ಸೈನಿಕರು, ಎದುರಿನ ಕೆಂಪಂಗಿಯವರು ಅಪಹಾರಿಯ ಸೈನಿಕರು ಎಂಬುದು ಆ ಬಣ್ಣದ ಅರ್ಥವಾಗಿತ್ತು.

ಫಾಂಟೆನಾಯ್‌ನ ದಿನ

ಈ ಎರಡು ಕೆಂಪು ಅಂಗಿಗಳು ಮುಖಾಮುಖಿಯಾದ ಅತ್ಯಂತ ಪ್ರಸಿದ್ಧ ಸಂದರ್ಭ 1745ರ ಮೇ 11ರ ಫಾಂಟೆನಾಯ್ ಯುದ್ಧ. ಇಂದಿನ ಬೆಲ್ಜಿಯಂನ ಟೂರ್ನೆ ನಗರದ ಬಳಿ ಮಾರ್ಷಲ್ ಸಾಕ್ಸ್ ನೇತೃತ್ವದ ಫ್ರೆಂಚ್ ಸೇನೆಯನ್ನು, ಬ್ರಿಟಿಷ್ ದೊರೆ ಎರಡನೆಯ ಜಾರ್ಜನ ಮಗ ಕಂಬರ್‌ಲೆಂಡ್ ಡ್ಯೂಕ್ ಮುನ್ನಡೆಸಿದ ಮಿತ್ರಸೇನೆ ಎದುರಿಸಿತು. ಹದಿನೈದನೆಯ ಲೂಯಿ ಸ್ವತಃ ರಣರಂಗದಲ್ಲಿದ್ದ.

ಸುಮಾರು 15,000 ಬ್ರಿಟಿಷ್ ಮತ್ತು ಹಾನೋವರ್ ಪದಾತಿಗಳ ದಟ್ಟ ಸಾಲು ಫ್ರೆಂಚ್ ಸೇನೆಯ ನಡುವಣಕ್ಕೇ ನುಗ್ಗಿತು. ಫ್ರೆಂಚ್ ಅಶ್ವದಳಗಳು ಒಂದರ ಹಿಂದೊಂದು ಅದರ ಮೇಲೆ ಬಿದ್ದು, ಗುಂಡಿನ ಸುರಿಮಳೆಗೆ ಸಿಕ್ಕಿ ಹಿಂದೆ ಸರಿದವು. ಶಿಸ್ತಿನಿಂದ ನಿಂತ ಪದಾತಿ ಸಾಲನ್ನು ಎದುರಿನಿಂದ ಮುರಿಯಲು ಸವಾರರಿಂದ ಸಾಧ್ಯವಿಲ್ಲ ಎಂಬುದು ಆ ದಿನ ಮತ್ತೊಮ್ಮೆ ಸಾಬೀತಾಯಿತು. ಕೊನೆಗೆ ಫಿರಂಗಿಗಳನ್ನು ಹತ್ತಿರಕ್ಕೆ ತಂದು, ಉಳಿದ ಅಶ್ವಬಲ ಮತ್ತು ಪದಾತಿಗಳನ್ನು ಒಟ್ಟಾಗಿ ಬಿಡಲಾಯಿತು. ಕ್ಲೇರ್, ಡಿಲ್ಲನ್, ಬಲ್ಕ್‌ಲಿ, ರಾತ್, ಬೆರಿಕ್ ಮತ್ತು ಲಾಲಿ ಎಂಬ ಆರು ಐರಿಷ್ ಕಾಲ್ದಳ ರೆಜಿಮೆಂಟುಗಳು ಪಾರ್ಶ್ವದಿಂದ ಎರಗಿದವು. ಸಾಲು ಮುರಿಯಿತು. ಈ ಆರು ದಳಗಳಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ಆರುನೂರಕ್ಕೂ ಹೆಚ್ಚು. ಡಿಲ್ಲನ್ ದಳದ ಕರ್ನಲ್ ಅಲ್ಲೇ ಮಡಿದ. ಫಿಟ್ಜ್-ಜೇಮ್ಸ್ ದಳವೂ ಅಂದು ಫ್ರೆಂಚ್ ಅಶ್ವಬಲದಲ್ಲಿ ಕಾದಾಡಿತು.

ಇಂಥ ಪ್ರಜೆಗಳನ್ನು ತನ್ನಿಂದ ದೂರ ಮಾಡಿದ ಶಾಸನಗಳನ್ನು ಸುದ್ದಿ ಕೇಳಿದ ಎರಡನೆಯ ಜಾರ್ಜ್ ಶಪಿಸಿದನೆಂಬ ದಂತಕಥೆಯೊಂದಿದೆ. ಆದರೆ ಶಾಸನಗಳು ಹಾಗೆಯೇ ಮುಂದುವರಿದವು.

ಸ್ಕಾಟ್ಲೆಂಡಿನ ಹಾದಿ

ಫಾಂಟೆನಾಯ್ ಸೋಲಿನಿಂದ ಬ್ರಿಟನ್ ದುರ್ಬಲವಾಗಿದ್ದ ಆ ಬೇಸಿಗೆಯಲ್ಲೇ ಎರಡನೆಯ ಜೇಮ್ಸ್‌ನ ಮೊಮ್ಮಗ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ಬೆರಳೆಣಿಕೆಯ ಜನರೊಂದಿಗೆ ಸ್ಕಾಟ್ಲೆಂಡಿನಲ್ಲಿ ಇಳಿದ. ಗುಡ್ಡಗಾಡಿನ ಕುಲಗಳು ಅವನನ್ನು ಸೇರಿದವು. ಎಡಿನ್‌ಬರೊ ಅವನ ವಶವಾಯಿತು. ಡಿಸೆಂಬರ್ ಆರಂಭದಲ್ಲಿ ಅವನ ಸೇನೆ ಇಂಗ್ಲೆಂಡಿನ ಡರ್ಬಿ ನಗರದವರೆಗೂ ತಲುಪಿ, ಅಲ್ಲಿಂದ ಹಿಂತಿರುಗಿತು. ಫ್ರಾನ್ಸಿನಿಂದ ದೊಡ್ಡ ಸೇನೆ ಬರುವುದೆಂಬ ನಿರೀಕ್ಷೆ ಹುಸಿಯಾದದ್ದು ಹಿಮ್ಮೆಟ್ಟಲು ಒಂದು ಮುಖ್ಯ ಕಾರಣ. ಲೂಯಿ ಕಳಿಸಿದ್ದು ಬಿಡಿಬಿಡಿಯಾದ ಸಣ್ಣ ನೆರವುಗಳನ್ನು ಮಾತ್ರ. 1745ರ ನವೆಂಬರ್‌ನಲ್ಲಿ ಐರಿಷ್ ಕಾಲ್ದಳಗಳಿಂದ ಆಯ್ದ ತುಕಡಿಗಳು ಬಂದವು. ಮರುವರ್ಷದ ಫೆಬ್ರುವರಿಯಲ್ಲಿ ಫಿಟ್ಜ್-ಜೇಮ್ಸ್ ದಳದ ಸರದಿ.

ಬ್ರಿಟಿಷ್ ನೌಕಾಧಿಕಾರಿ ನೋಲ್ಸ್‌ನ ಹಡಗುಗಳು ದಳದ ಬಹುಭಾಗವನ್ನು ಸಮುದ್ರದಲ್ಲೇ ಸೆರೆಹಿಡಿದವು. ಅಬರ್ಡೀನ್ ತಲುಪಿದ್ದು ಒಂದು ಸ್ಕ್ವಾಡ್ರನ್ ಮಾತ್ರ. ಅವರಿಗೆ ಕುದುರೆ ಒದಗಿಸಲು ಚಾರ್ಲ್ಸ್‌ನ ಪಕ್ಷದ ಕಿಲ್ಮಾರ್ನಾಕ್ ಅರ್ಲ್ ತನ್ನ ಸವಾರರನ್ನು ಕೆಳಗಿಳಿಸಿ ಕಾಲಾಳುಗಳಾಗಿಸಿದ. ಚಳಿಗಾಲದ ನಡಿಗೆಯಲ್ಲಿ ಬಡಕಲಾಗಿದ್ದ ಆ ಕುದುರೆಗಳು ಭಾರೀ ಅಶ್ವದಳಕ್ಕೆ ಹೇಳಿ ಮಾಡಿಸಿದವಾಗಿರಲಿಲ್ಲ. ಅಷ್ಟಾದರೂ ಎಲ್ಲರಿಗೂ ಸಾಲಲಿಲ್ಲ. ದಳದ ಅರ್ಧದಷ್ಟು ಮಂದಿಗೆ, ಅಂದರೆ ಸುಮಾರು 70 ಸವಾರರಿಗೆ ಮಾತ್ರ ಕುದುರೆ ಸಿಕ್ಕಿತು.

1746ರ ಏಪ್ರಿಲ್ 16ರಂದು (ಬ್ರಿಟನ್ನಿನಲ್ಲಿ ಆಗ ಚಾಲ್ತಿಯಲ್ಲಿದ್ದ ಹಳೆಯ ಪಂಚಾಂಗದ ಪ್ರಕಾರ) ಇನ್ವರ್ನೆಸ್ ಸಮೀಪದ ಕಲೋಡನ್ ಬಯಲಿನಲ್ಲಿ ಕೊನೆಯ ಯುದ್ಧ ನಡೆಯಿತು. ಹಿಂದಿನ ರಾತ್ರಿ ಶತ್ರು ಶಿಬಿರದ ಮೇಲೆ ಹಠಾತ್ ದಾಳಿಗೆಂದು ಹೊರಟು, ಬೆಳಕು ಹರಿಯುವ ಮುನ್ನ ತಲುಪಲಾಗದೆ ಹಿಂದಿರುಗಿದ್ದ ಚಾರ್ಲ್ಸ್‌ನ ಸೈನಿಕರು ನಿದ್ರೆ, ಅನ್ನವಿಲ್ಲದೆ ಬಳಲಿದ್ದರು. ಎದುರಿಗಿದ್ದವನು ಫಾಂಟೆನಾಯ್‌ನಲ್ಲಿ ಸೋತಿದ್ದ ಅದೇ ಕಂಬರ್‌ಲೆಂಡ್. ಒಂದು ಗಂಟೆಗೂ ಕಡಿಮೆ ಅವಧಿಯಲ್ಲಿ ಎಲ್ಲವೂ ಮುಗಿಯಿತು.

ಕ್ಯಾಪ್ಟನ್ ರಾಬರ್ಟ್ ಶೇ ನೇತೃತ್ವದ ಫಿಟ್ಜ್-ಜೇಮ್ಸ್ ಸವಾರರನ್ನು ಸೇನೆಯ ಹಿಂಬದಿಯ ಬಲಭಾಗದಲ್ಲಿ ನಿಲ್ಲಿಸಲಾಗಿತ್ತು. ಕಲ್ಲುಗೋಡೆಗಳನ್ನು ಒಡೆದು ಹಿಂದಿನಿಂದ ಸುತ್ತುವರಿಯಲು ಬಂದ ಬ್ರಿಟಿಷ್ ಡ್ರಗೂನ್‌ಗಳನ್ನು ಅವರು ಎಲ್ಕೊ ಪ್ರಭುವಿನ ಸವಾರರೊಂದಿಗೆ ಸೇರಿ ಒಂದು ತಗ್ಗುದಾರಿಯ ಬಳಿ ತಡೆದರು. ಶತ್ರುಗಳ ಸಂಖ್ಯೆ ಅವರಿಗಿಂತ ಅನೇಕ ಪಟ್ಟು ಹೆಚ್ಚಿತ್ತು. ಈ ತಡೆಯಿಂದಾಗಿ ಸೋತ ಸೇನೆಯ ಬಲಪಾರ್ಶ್ವಕ್ಕೆ ಹಿಂದೆ ಸರಿಯಲು ಸಮಯ ದೊರೆಯಿತು.

ಪ್ರಾಣ ಉಳಿಸಿದ ಕಾಗದ

ಯುದ್ಧದ ನಂತರ ನಡೆದದ್ದು ಈ ದಳದ ಸ್ಥಿತಿಯನ್ನು ಯುದ್ಧಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ. ಗಾಯಗೊಂಡು ಬಿದ್ದಿದ್ದ ಗುಡ್ಡಗಾಡಿನ ಸೈನಿಕರನ್ನು ಕಂಡಲ್ಲಿ ಕೊಲ್ಲಲಾಯಿತು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು, ನೂರಾರು ಮಂದಿ ಅಮೆರಿಕ ಖಂಡದ ವಸಾಹತುಗಳಿಗೆ ಗಡಿಪಾರಾದರು. ತನ್ನ ಕುದುರೆಗಳನ್ನು ಐರಿಷ್ ಸವಾರರಿಗೆ ಬಿಟ್ಟುಕೊಟ್ಟಿದ್ದ ಕಿಲ್ಮಾರ್ನಾಕ್ ಅರ್ಲ್‌ನನ್ನು ಆಗಸ್ಟ್ 18ರಂದು ಲಂಡನ್ನಿನಲ್ಲಿ ಶಿರಚ್ಛೇದ ಮಾಡಲಾಯಿತು.

ಆ ಕುದುರೆಗಳನ್ನೇರಿದ್ದವರ ಗತಿ ಬೇರೆಯಾಯಿತು. ಚಾರ್ಲ್ಸ್ ಬಳಿಯಿದ್ದ ಫ್ರೆಂಚ್ ಪ್ರತಿನಿಧಿ ಮಾರ್ಕ್ವಿಸ್ ದೆಗಿಯ್ ಇನ್ವರ್ನೆಸ್‌ನಲ್ಲಿ ಫ್ರೆಂಚ್ ತುಕಡಿಗಳ ಪರವಾಗಿ ಕಂಬರ್‌ಲೆಂಡ್‌ಗೆ ಶರಣಾದ. ರಣರಂಗದಲ್ಲಿ ಸಿಕ್ಕ ಸೆರೆಯಾಳುಗಳ ಪೈಕಿ 222 ಮಂದಿಯನ್ನು 'ಫ್ರೆಂಚರು' ಎಂದು ದಾಖಲಿಸಲಾಯಿತು. ಅವರಲ್ಲಿ ಬಹುಪಾಲು ಐರಿಷ್ ದಳಗಳವರೇ. ಬ್ರಿಟಿಷ್ ಕಾನೂನಿನ ಪ್ರಕಾರ ಐರ್ಲೆಂಡಿನಲ್ಲಿ ಹುಟ್ಟಿದವನು ಬ್ರಿಟಿಷ್ ದೊರೆಯ ಪ್ರಜೆ. ಅವನು ದೊರೆಯ ವಿರುದ್ಧ ಆಯುಧ ಹಿಡಿದರೆ ಅದು ರಾಜದ್ರೋಹ. ಆದರೆ ಅವರ ಬಳಿ ಫ್ರೆಂಚ್ ದೊರೆಯ ನೇಮಕ ಪತ್ರವಿತ್ತು. ಫ್ರಾನ್ಸಿನ ಕೈಯಲ್ಲಿ ಬ್ರಿಟಿಷ್ ಸೆರೆಯಾಳುಗಳೂ ಇದ್ದರು. ಇಲ್ಲಿ ಗಲ್ಲು ಹಾಕಿದರೆ ಅಲ್ಲಿ ಪ್ರತೀಕಾರವಾಗುವ ಭೀತಿಯಿತ್ತು. ಹೀಗಾಗಿ ಅವರನ್ನು ಯುದ್ಧಕೈದಿಗಳೆಂದು ನಡೆಸಿಕೊಂಡು, ನಂತರ ವಿನಿಮಯದಲ್ಲಿ ಫ್ರಾನ್ಸಿಗೆ ಕಳುಹಿಸಲಾಯಿತು.

ಈ ಕಾಗದ ಎಲ್ಲರನ್ನೂ ಕಾಪಾಡಲಿಲ್ಲ. ಚಾರ್ಲ್ಸ್ ರಾಡ್‌ಕ್ಲಿಫ್ ಎಂಬ ಇಂಗ್ಲಿಷ್ ಕ್ಯಾಥೊಲಿಕ್ ಸರದಾರನೂ ಫ್ರೆಂಚ್ ಅಧಿಕಾರಿಯಾಗಿದ್ದ. 1745ರ ನವೆಂಬರ್‌ನಲ್ಲಿ ಸಮುದ್ರದಲ್ಲಿ ಸೆರೆಸಿಕ್ಕ. ಅವನ ಮೇಲೆ ಮೂವತ್ತು ವರ್ಷ ಹಿಂದಿನ ದಂಗೆಯ ಶಿಕ್ಷೆ ಬಾಕಿಯಿತ್ತು. ಅದೇ ತೀರ್ಪಿನ ಆಧಾರದ ಮೇಲೆ 1746ರ ಡಿಸೆಂಬರ್‌ನಲ್ಲಿ ಅವನ ತಲೆ ಉರುಳಿತು.

ತಾವು ಫ್ರೆಂಚರಲ್ಲ, ನಿಜವಾದ ಬ್ರಿಟಿಷ್ ದೊರೆಯ ಸೈನಿಕರು ಎಂದು ಸಾರುತ್ತ ಬಂದಿದ್ದ ದಳದವರು ಜೀವ ಉಳಿಸಿಕೊಂಡದ್ದು ಫ್ರೆಂಚರು ಎನಿಸಿಕೊಂಡೇ. 1748ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ನಡುವೆ ಮತ್ತೆ ಒಪ್ಪಂದವಾದಾಗ, ಆ ವರ್ಷದ ಡಿಸೆಂಬರ್‌ನಲ್ಲಿ ಚಾರ್ಲ್ಸ್ ಎಡ್ವರ್ಡ್‌ನನ್ನೇ ಪ್ಯಾರಿಸ್ಸಿನಲ್ಲಿ ಬಂಧಿಸಿ ದೇಶದಿಂದ ಹೊರಗಟ್ಟಲಾಯಿತು. ಅವನಿಗಾಗಿ ಕಾದಾಡಿದ್ದ ದಳ ಮಾತ್ರ ಫ್ರೆಂಚ್ ಸೇವೆಯಲ್ಲೇ ಮುಂದುವರಿಯಿತು.

ಕೊನೆಯ ಕಾಳಗ

ದಳದ ಅಂತ್ಯ ಬಂದದ್ದು ಜರ್ಮನಿಯಲ್ಲಿ. ಏಳು ವರ್ಷಗಳ ಯುದ್ಧದ ಕಡೆಯ ಘಟ್ಟದಲ್ಲಿ, 1762ರ ಜೂನ್ 24ರಂದು, ಕಾಸೆಲ್ ನಗರದ ಹತ್ತಿರದ ವಿಲ್ಹೆಲ್ಮ್ಸ್‌ಟಾಲ್‌ನಲ್ಲಿ ಬ್ರನ್ಸ್‌ವಿಕ್‌ನ ಫರ್ಡಿನಾಂಡ್ ತನಗಿಂತ ದೊಡ್ಡದಾದ ಫ್ರೆಂಚ್ ಸೇನೆಯ ಮೇಲೆ ಅನಿರೀಕ್ಷಿತ ದಾಳಿ ಮಾಡಿದ. ಫ್ರೆಂಚ್ ಸೇನೆ ಹಿಂದೆ ಸರಿಯುವ ಗೊಂದಲದಲ್ಲಿ ರೀಡೆಸೆಲ್ ಎಂಬ ಬ್ರನ್ಸ್‌ವಿಕ್ ಅಧಿಕಾರಿಯ ಸವಾರರು ಫಿಟ್ಜ್-ಜೇಮ್ಸ್ ದಳದ ಮೇಲೆ ಎರಗಿ ಅದನ್ನು ಧ್ವಂಸಗೊಳಿಸಿದರು. ಮುನ್ನೂರು ಕುದುರೆಗಳೂ ದಳದ ಎರಡು ಧ್ವಜಗಳೂ ಶತ್ರುವಿನ ಪಾಲಾದವು.

ಧ್ವಜ ಕಳೆದುಕೊಂಡ ದಳವನ್ನು ಮತ್ತೆ ಕಟ್ಟಲು ಹಣ ಬೇಕಿತ್ತು. ಯುದ್ಧದಲ್ಲಿ ದಿವಾಳಿ ಎದ್ದಿದ್ದ ಫ್ರಾನ್ಸಿನಲ್ಲಿ ಸಚಿವ ಶ್ವಾಸಲ್ ಸೇನೆಯ ಗಾತ್ರವನ್ನು ಕುಗ್ಗಿಸುವ ಸುಧಾರಣೆಗೆ ಕೈಹಾಕಿದ್ದ. 1762ರ ಡಿಸೆಂಬರ್‌ನಲ್ಲಿ ಫಿಟ್ಜ್-ಜೇಮ್ಸ್ ದಳವನ್ನು ವಿಸರ್ಜಿಸಲಾಯಿತು. ಯಜಮಾನ ಚಾರ್ಲ್ಸ್ ಫಿಟ್ಜ್-ಜೇಮ್ಸ್ 1775ರಲ್ಲಿ ಫ್ರಾನ್ಸಿನ ಮಾರ್ಷಲ್ ಆದ. ಆದರೆ ಅವನ ಹೆಸರಿನ ಐರಿಷ್ ಅಶ್ವದಳ ಮತ್ತೆ ಹುಟ್ಟಲಿಲ್ಲ.

ದಕ್ಷಿಣ ಭಾರತದ ನಂಟು

ಫಿಟ್ಜ್-ಜೇಮ್ಸ್ ದಳ ಭಾರತಕ್ಕೆ ಬರಲಿಲ್ಲ. ಆದರೆ ಫಾಂಟೆನಾಯ್‌ನಲ್ಲಿ ಅದರೊಂದಿಗೆ ಕಾದಾಡಿದ ಐರಿಷ್ ದಳಗಳಲ್ಲಿ ಒಂದು ದಕ್ಷಿಣ ಭಾರತದ ಇತಿಹಾಸದಲ್ಲಿ ಮುಖ್ಯ ಸ್ಥಾನ ಪಡೆದಿದೆ. ಐರಿಷ್ ತಂದೆಗೆ ಫ್ರಾನ್ಸಿನಲ್ಲಿ ಹುಟ್ಟಿದ ಕೌಂಟ್ ಲಾಲಿ 1758ರಲ್ಲಿ ತನ್ನ ರೆಜಿಮೆಂಟಿನೊಂದಿಗೆ ಪುದುಚೇರಿಗೆ ಬಂದಿಳಿದ. 1760ರ ಜನವರಿ 22ರಂದು ವಂದವಾಸಿಯಲ್ಲಿ ಅವನನ್ನು ಸೋಲಿಸಿದವನು ಐರ್ ಕೂಟ್. ಕೂಟ್ ಕೂಡ ಐರ್ಲೆಂಡಿನವನೇ. ಅದೇ ಲಿಮರಿಕ್ ಸೀಮೆಯ ಪ್ರಾಟೆಸ್ಟಂಟ್ ಮನೆತನದವನು.

ಸಂಕಟದಲ್ಲಿದ್ದ ಲಾಲಿಯ ನೆರವಿಗೆ ಮೈಸೂರಿನ ಹೈದರ್ ಅಲಿ 1760ರ ಮಧ್ಯದಲ್ಲಿ ಮಖ್ದೂಮ್ ಅಲಿಯ ಮುಂದಾಳತ್ವದಲ್ಲಿ ಸೈನ್ಯ ಕಳುಹಿಸಿದ್ದ. ಅದು ಒಂದು ಇಂಗ್ಲಿಷ್ ತುಕಡಿಯನ್ನು ಸೋಲಿಸಿಯೂ ಇತ್ತು. ಆದರೆ ಆಗಸ್ಟ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಖಂಡೇರಾವ್ ತಿರುಗಿಬಿದ್ದಾಗ ಹೈದರ್ ಆ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. 1761ರ ಜನವರಿಯಲ್ಲಿ ಪುದುಚೇರಿ ಶರಣಾಯಿತು. ಲಾಲಿಯನ್ನು ಫ್ರಾನ್ಸಿನಲ್ಲೇ ದ್ರೋಹದ ಆರೋಪದ ಮೇಲೆ ವಿಚಾರಣೆಗೆ ಗುರಿಪಡಿಸಿ 1766ರ ಮೇ 9ರಂದು ಶಿರಚ್ಛೇದ ಮಾಡಲಾಯಿತು. ಹನ್ನೆರಡು ವರ್ಷಗಳ ನಂತರ, 1778ರಲ್ಲಿ ಆ ತೀರ್ಪನ್ನು ರದ್ದುಪಡಿಸಲಾಯಿತು. ಕೂಟ್ ಮುಂದೆ 1781ರಲ್ಲಿ ಪೋರ್ಟೊನೊವೊದಲ್ಲಿ ಹೈದರನನ್ನು ಎದುರಿಸಿ ಗೆದ್ದ.

ಕಾನೂನು ಬದಲಾದಾಗ

ಐರ್ಲೆಂಡಿನ ಕ್ಯಾಥೊಲಿಕ್ ವಿರೋಧಿ ಶಾಸನಗಳು ನಿಧಾನವಾಗಿ ಸಡಿಲಗೊಂಡವು. ಐದು ಪೌಂಡಿನ ಕುದುರೆಯ ನಿಯಮ ರದ್ದಾದದ್ದು 1782ರಲ್ಲಿ, ಅಂದರೆ ಅಶ್ವದಳ ವಿಸರ್ಜನೆಯಾಗಿ ಇಪ್ಪತ್ತು ವರ್ಷಗಳ ನಂತರ. 1793ರಲ್ಲಿ ಐರಿಷ್ ಕ್ಯಾಥೊಲಿಕರಿಗೆ ಬ್ರಿಟಿಷ್ ದೊರೆಯ ಸೇನೆಯಲ್ಲಿ ಕರ್ನಲ್ ಹುದ್ದೆಯವರೆಗೆ ಏರಲು ಅವಕಾಶ ದೊರೆಯಿತು.

ಅಷ್ಟರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಗಿತ್ತು. 1791ರಲ್ಲಿ ವಿದೇಶಿ ದಳಗಳ ಪ್ರತ್ಯೇಕ ಸ್ಥಾನಮಾನ ರದ್ದಾಗಿ, ಉಳಿದಿದ್ದ ಡಿಲ್ಲನ್, ಬೆರಿಕ್ ಮತ್ತು ವಾಲ್ಶ್ ಐರಿಷ್ ದಳಗಳು ಬರಿಯ ಸಂಖ್ಯೆಗಳಾದವು. ಮರುವರ್ಷ, ದೇಶಭ್ರಷ್ಟನಾಗಿದ್ದ ಫ್ರೆಂಚ್ ದೊರೆಯ ತಮ್ಮ, ರಾಜಪಕ್ಷಕ್ಕೆ ಬಂದ ಐರಿಷ್ ಅಧಿಕಾರಿಗಳಿಗೆ 1692 ಮತ್ತು 1792 ಎಂಬ ಇಸವಿಗಳನ್ನು ಹೊತ್ತ ಬೀಳ್ಕೊಡುಗೆಯ ಧ್ವಜವೊಂದನ್ನು ಕೊಟ್ಟ. ಎಂದೆಂದೂ ಎಲ್ಲೆಲ್ಲೂ ನಿಷ್ಠರು ಎಂಬರ್ಥದ ಲ್ಯಾಟಿನ್ ಬರಹ ಅದರಲ್ಲಿತ್ತು. ಒಂದು ಶತಮಾನದ ಹಿಂದೆ ರಾಜ್ಯ ಕಳೆದುಕೊಂಡ ದೊರೆಯನ್ನು ಹಿಂಬಾಲಿಸಿ ಬಂದವರ ಸಂತತಿಗೆ ಈಗ ಆಶ್ರಯ ಕೊಟ್ಟ ದೊರೆಯ ಮನೆತನವೂ ನೆಲೆ ತಪ್ಪಿದ್ದನ್ನು ಕಾಣುವ ದಿನ ಬಂದಿತ್ತು.

1794ರಲ್ಲಿ ಬ್ರಿಟಿಷ್ ಪ್ರಧಾನಿ ಪಿಟ್ ಇದೇ ಅಧಿಕಾರಿಗಳನ್ನು ಕರೆದು ತನ್ನ ಸೇನೆಯಲ್ಲಿ ಐರಿಷ್ ಬ್ರಿಗೇಡ್ ಒಂದನ್ನು ಕಟ್ಟಿಸಿದ. ಮೂರನೆಯ ಜಾರ್ಜ್‌ನ ಪರವಾಗಿ ಕೆಂಪು ಅಂಗಿ ತೊಟ್ಟವರಲ್ಲಿ ಕೆರಿ ಕರಾವಳಿಯ ಕೌಂಟ್ ಡೇನಿಯಲ್ ಓ'ಕಾನೆಲ್ ಎಂಬಾತನೂ ಒಬ್ಬ. ಬಾಲ್ಯದಲ್ಲೇ ಊರು ಬಿಟ್ಟು ಫ್ರೆಂಚ್ ಸೇನೆ ಸೇರಿ ಮೇಲೇರಿದ್ದವನು ಅವನು. ಅವನ ಹೆಸರನ್ನೇ ಹೊತ್ತಿದ್ದ ಸೋದರನ ಮಗ ಡೇನಿಯಲ್ ಓ'ಕಾನೆಲ್ ವಕೀಲನಾಗಿ ಐರ್ಲೆಂಡಿನಲ್ಲೇ ಉಳಿದ. ಕತ್ತಿ, ಕುದುರೆಗಳಿಲ್ಲದೆ ಜನರನ್ನು ಸಂಘಟಿಸಿ, 1829ರಲ್ಲಿ ಕ್ಯಾಥೊಲಿಕರಿಗೆ ಸಂಸತ್ತಿನಲ್ಲಿ ಕೂರುವ ಹಕ್ಕನ್ನು ದೊರಕಿಸಿಕೊಟ್ಟವರಲ್ಲಿ ಅವನು ಪ್ರಮುಖ. ಆ ಶಾಸನ ಜಾರಿಗೆ ಬಂದಾಗ ಮುದುಕ ಕೌಂಟ್ ಫ್ರಾನ್ಸಿನಲ್ಲಿ ಇನ್ನೂ ಬದುಕಿದ್ದ.